ಹಂಡೆಯಲ್ಲಿ ಕಲಸಿದ ಕಡಲು

ನಿಖತ್‌ಳ ತೋಳು ಭುಜದವರೆಗೂ ನೀರಿನೊಳಗಿದೆ. ಕಲ್ಲಿನ ಹಿಂದೆ ಬೆರಳಾಡಿಸುತ್ತಾಳೆ, ಮೆತ್ತಗಿನದೇನೋ ಸಿಗುತ್ತದೆ, ಮೇಲೆತ್ತಿ ಪಕ್ಕದ ಬಾಳೆಲೆಯ ಮೇಲೆ ಇಡುತ್ತಾಳೆ, ಮತ್ತೆ ಕೈ ಇಳಿಸುತ್ತಾಳೆ. ದುಪಟ್ಟಾದ ತುದಿ ನೀರಿಗೆ ಬಿದ್ದು ತೇಲುತ್ತಿರುವುದು ಅವಳ ಗಮನಕ್ಕೆ ಬಂದಿಲ್ಲ. ಕಿಟಕಿಯಾಚೆ ತೆಂಗಿನ ಗರಿಗಳ ಸಂದಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ ಗಾಜಿನ ತೊಟ್ಟಿಯ ನೀಲಿ ದೀಪವೊಂದೇ ಉರಿಯುತ್ತಿದೆ. ಆ ನೀಲಿಯಲ್ಲಿ ಎಲೆಯ ಮೇಲಿನ ಕಿತ್ತಳೆ, ಹಸಿರು, ಕೆಂಪು ಎಲ್ಲವೂ ಒಂದೇ ಬೂದಿ ಬಣ್ಣ.

ಬಾಗಿಲ ಬಳಿ ಆ ಮನೆಯ ಹಿರಿಯರಾದ ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ನಾಡಿದ್ದಿನ ಗೃಹಪ್ರವೇಶದ ಊಟಕ್ಕೆಂದು ತಂದಿಟ್ಟ ಎಲೆಯ ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟವರು ಅವರೇ. ಸತ್ತದ್ದನ್ನು ಬರಿ ನೆಲದ ಮೇಲೆ ಹಾಕುವುದನ್ನು ಅವರಿಂದ ನೋಡಲಾಗಲಿಲ್ಲ.

"ಇನ್ನೂ ಅವ್ಯಾ?"

"ಅವೆ."

ನಿಖತ್ ಅಳುತ್ತಿಲ್ಲ. ಏಟು ಬಿದ್ದು ಇನ್ನೂ ನೋವು ಶುರುವಾಗದ ಒಂದು ಗಳಿಗೆ ಇರುತ್ತದಲ್ಲ, ಅದರೊಳಗೆ ಸಿಕ್ಕಿಕೊಂಡಿದ್ದಾಳೆ. ನಿನ್ನೆ ಸಂಜೆ ಅವಳು ಸ್ಕೂಟರ್ ಹತ್ತುವಾಗ ಇವೆಲ್ಲ ಈಜುತ್ತಿದ್ದವು. ಉದ್ದ ಮೀಸೆಯ ಕೆಂಪು ಸಿಗಡಿ ಕಲ್ಲಿನ ತುದಿಯಲ್ಲಿ ಕುಳಿತು, ಹತ್ತಿರ ಬಂದ ಮೀನುಗಳ ಮೈ ಉಜ್ಜುತ್ತಿತ್ತು. ಈಗ ಆ ಮೀಸೆ ಎಲೆಯ ನಡುದಂಟಿಗೆ ಅಂಟಿಕೊಂಡಿದೆ.

ತೊಟ್ಟಿಯಲ್ಲಿ ತಡಕಾಡಿ ಮುಗಿದ ಮೇಲೆ ಅವಳು ಕೈ ಒರೆಸಿಕೊಂಡು ಚೀಲದಿಂದ ಗಾಜಿನ ಪುಟ್ಟ ಕೊಳವೆ ತೆಗೆಯುತ್ತಾಳೆ. ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ಬಾಟಲಿಯಿಂದ ಹನಿ ಬಿಟ್ಟು, ಅಲ್ಲಾಡಿಸಿ ಕಿಟಕಿಗೆ ಹಿಡಿಯುತ್ತಾಳೆ. ಮೀನಿನ ಹೊಲಸಿನಿಂದ ನೀರು ವಿಷವಾಗಿದ್ದರೆ ಹಸಿರು ಬಣ್ಣ ಏಳಬೇಕು. ಏಳುತ್ತದೆ, ಆದರೆ ಕಂಡೂ ಕಾಣದಷ್ಟು. ಸತ್ತವುಗಳಿಂದಲೇ ಬಂದಷ್ಟು, ಕೊಲ್ಲುವಷ್ಟಲ್ಲ. ಉಪ್ಪಿನ ಅಳತೆ ನೋಡುತ್ತಾಳೆ, ಸರಿಯಿದೆ. ನೀರಿನ ಬಿಸಿ ಸರಿಯಿದೆ. ಮೋಟಾರು ನಿಂತಿಲ್ಲ. ಎಲ್ಲ ಸರಿಯಿದೆ. ಎಲ್ಲ ಸತ್ತಿವೆ. ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಲು ಅವಳ ತಲೆ ಒಪ್ಪುತ್ತಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವುದಾದರೂ ಬೇಕರಿಯಲ್ಲಿ, ಹಲ್ಲಿನ ಆಸ್ಪತ್ರೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ಬಣ್ಣದ ಮೀನಿನ ತೊಟ್ಟಿಯ ಮುಂದೆ ಮಗುವನ್ನು ಎತ್ತಿ ಹಿಡಿದು ನಿಂತವರು ನಿಖತ್‌ಳ ಕೆಲಸವನ್ನು ನೋಡಿದ್ದಾರೆ. ಅವಳನ್ನು ನೋಡಿರುವುದು ಕಡಿಮೆ. ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಅವಳು ಪೈಪು, ಬಕೆಟ್ಟು, ಬಲೆ, ಗಾಜು ಉಜ್ಜುವ ಅಯಸ್ಕಾಂತ ಎಲ್ಲವನ್ನೂ ಸ್ಕೂಟರಿಗೆ ಬಿಗಿದುಕೊಂಡು ಬಂದು, ಗಿರಾಕಿಗಳು ಸೇರುವ ಮೊದಲೇ ಮುಂದಿನ ಊರಿಗೆ ಹೊರಟಿರುತ್ತಾಳೆ. "ತೊಟ್ಟಿ ಫಳಫಳ ಅಂತಿದ್ರೆ ಮೀನು ಚೆನ್ನಾಗವೆ ಅಂತಾರೆ. ಗಾಜಿಗೆ ಪಾಚಿ ಕಟ್ಟಿದ್ರೆ ಆವಾಗ ನನ್ನ ಹೆಸರು ನೆನಪಾಗ್ತದೆ," ಅನ್ನುತ್ತಾಳೆ. ಹುಳಿಯಾರಿನ ಬಸ್ ನಿಲ್ದಾಣದ ಬಳಿ ಪೋಲಿ ಹುಡುಗರು ಅವಳ ಬಕೆಟ್ ನೋಡಿ, ಅಕ್ಕಾ ಕೆಜಿಗೆ ಎಷ್ಟು ಅಂತ ಕೂಗುವುದುಂಟು. ನೀನೆಷ್ಟು ಕೆಜಿ ಇದೀಯ ಮೊದಲು ಹೇಳು, ಆಮೇಲೆ ರೇಟು ಮಾತಾಡಾನ ಅಂದು ಅವಳು ಗಾಡಿ ನಿಲ್ಲಿಸದೆ ಹೋಗುತ್ತಾಳೆ.

ಅವಳ ತಂದೆ ಗೌಸ್ ಪೀರ್ ಅವರದು ತಿಪಟೂರಿನಲ್ಲಿ ಗಾಜಿನ ಅಂಗಡಿ. ದೇವರ ಪಟಗಳಿಗೆ ಕಟ್ಟು ಹಾಕುವುದು, ಷೋಕೇಸಿಗೆ, ಕಿಟಕಿಗೆ ಗಾಜು ಕೊಯ್ಯುವುದು ಅವರ ಕಸುಬು. ತಾಯಿ ಖುರ್ಷಿದ್ ಬೇಗಂ ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾರೆ. ಷೋಕೇಸಿನ ಗಾಜು ಕೊಯ್ದು ಉಳಿದ ತುಂಡುಗಳನ್ನು ಅಂಟಿಸಿ ನಿಖತ್ ಮೊದಲ ತೊಟ್ಟಿ ಕಟ್ಟಿದ್ದು. ಅದು ಸೋರಿ ಅಂಗಡಿಯಲ್ಲಿದ್ದ ಮದುವೆ ಫೋಟೋಗಳೆಲ್ಲ ನೆನೆದವು. ಎರಡನೆಯದು ಸೋರಲಿಲ್ಲ. "ಗಾಜು ಕೊಯ್ಯೋವಾಗ ಉಸ್ರು ಬಿಗಿ ಹಿಡೀಬೇಕು ಅಂತ ಅಬ್ಬಾ ಹೇಳ್ಕೊಟ್ರು. ಈಗ ಹೊಸ ನೀರಿಗೆ ಮೀನು ಬಿಡೋವಾಗ್ಲೂ ಹಂಗೇ ಹಿಡ್ಕೊಂಡಿರ್ತೀನಿ. ನಂಗೇ ಗೊತ್ತಾಗಲ್ಲ," ಅನ್ನುತ್ತಾಳೆ.

ಅವೆಲ್ಲ ಸಿಹಿನೀರಿನ ತೊಟ್ಟಿಗಳು. ಉಪ್ಪುನೀರಿನದು ಬೇರೆಯೇ ಲೋಕ. ಬಿಳಿಗೆರೆಯಲ್ಲಿ ತೋಟವೂ ಕೊಬ್ಬರಿ ವ್ಯಾಪಾರವೂ ಇರುವ, ಹೊಂಬಾಳಮ್ಮನ ಮಗ ತೋಂಟದಾರ್ಯ ಹೊಸ ಮನೆ ಕಟ್ಟಿಸುವಾಗ, ಎಲ್ಲೋ ಹೋಟೆಲಿನಲ್ಲಿ ಕಂಡ ಸಮುದ್ರದ ಮೀನುಗಳು ಅವರ ಕಣ್ಣಿನಿಂದ ಹೋಗಿರಲಿಲ್ಲ. ಹಾಲ್‌ನಲ್ಲಿ ಕಡಲು ಬೇಕು ಅಂತ ನಿಖತ್‌ಳನ್ನು ಹುಡುಕಿಕೊಂಡು ಬಂದರು. ತೆಂಗಿನ ಬುಡಕ್ಕೆ ಹಾಕುವ ಉಪ್ಪಿನ ಚೀಲಗಳು ಶೆಡ್ಡಿನಲ್ಲಿ ಬೇಕಾದಷ್ಟಿವೆ, ಅದನ್ನೇ ಕದಡಿದರಾಯಿತಲ್ಲ ಎಂಬುದು ಅವರ ಲೆಕ್ಕ. ಕಡಲಿನ ನೀರಿನಲ್ಲಿ ಉಪ್ಪಿನ ಜೊತೆಗೆ ಇನ್ನೂ ಏನೇನೋ ಇರುತ್ತದೆ, ಅದಕ್ಕೇ ಬೇರೆ ಉಪ್ಪು ಡಬ್ಬದಲ್ಲಿ ಬರುತ್ತದೆ ಅಂತ ನಿಖತ್ ತಿಳಿಹೇಳಿದಳು. ಆದರೆ ತಾನೂ ಅಲ್ಲಿಯವರೆಗೆ ಕಡಲಿನ ಮೀನು ಸಾಕಿದವಳಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಇಬ್ಬರೂ ಸೇರಿ ಕಲಿಯಾನ ಬುಡು ಅಂದರು ತೋಂಟದಾರ್ಯ.

ಮರಳು, ಕಲ್ಲು, ಉಪ್ಪುನೀರು ತುಂಬಿದ ತೊಟ್ಟಿ ವಾರಗಟ್ಟಲೆ ಮೀನಿಲ್ಲದೆ ನಿಂತಿತು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಗಳು ಕಲ್ಲಿನ ಮೇಲೆ, ಮರಳಿನಲ್ಲಿ ಮೊದಲು ಬೆಳೆದುಕೊಳ್ಳಬೇಕು. ಅದಕ್ಕೆ ಮುಂಚೆ ಬಿಟ್ಟ ಮೀನು ತನ್ನದೇ ಹೊಲಸಿನಲ್ಲಿ ಬೆಂದುಹೋಗುತ್ತದೆ. ಇದನ್ನು ಮನೆಯವರಿಗೆ ಹೇಗೆ ಹೇಳುವುದು ಅಂತ ನಿಖತ್ ತಡವರಿಸುತ್ತಿದ್ದಾಗ ಹೊಂಬಾಳಮ್ಮನೇ ದಾರಿ ತೋರಿಸಿದರು. "ಅಟ್ಟಕ್ಕೆ ಹಾಕಿದ ಕಾಯಿ ಇದ್ದಂಗೆ ಅನ್ನು." ಈ ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಚಿಪ್ಪಿನೊಳಗೇ ನೀರು ಇಂಗಿ, ಅಲ್ಲಾಡಿಸಿದರೆ ಸದ್ದಾಗುವ ಉಂಡೆ ಕೊಬ್ಬರಿಯಾಗುವ ತನಕ ಕಾಯುತ್ತಾರೆ. ಅವಸರಕ್ಕೆ ಒಡೆದರೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಅಂದಿನಿಂದ ಖಾಲಿ ತೊಟ್ಟಿ ನೋಡಿ ಕೇಳಿದವರಿಗೆಲ್ಲ ಹೊಂಬಾಳಮ್ಮ, ನೀರು ಇನ್ನೂ ಕಾಯಿ, ಕೊಬ್ಬರಿ ಆಗಿಲ್ಲ ಅನ್ನತೊಡಗಿದರು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಪಕ್ಕದ ತೋಟದ ಚಿಕ್ಕರಂಗಯ್ಯ ಮಾತ್ರ, "ಹಂಗಾರೆ ಒಂದ್ಸಲ ಅಲ್ಲಾಡ್ಸಿ ನೋಡಕ್ಕ, ಗಡಗಡ ಅಂದ್ರೆ ಆಗದೆ ಅಂತ," ಅಂದಿದ್ದರು.

ಆಮೇಲೆ ಮೀನುಗಳು ಬಂದವು, ಬಿಡಿಬಿಡಿಯಾಗಿ, ಒಂದು ನೆಲೆಯೂರಿದ ಮೇಲೆ ಇನ್ನೊಂದು. ಬಿಳಿ ಪಟ್ಟೆಯ ಕಿತ್ತಳೆ ಜೋಕರ್ ಮೀನಿನ ಜೋಡಿ, ಹಸಿರು ಹೊಳಪಿನ ಪುಟ್ಟ ಮೀನುಗಳ ಗುಂಪು, ಮರಳು ಜರಡಿ ಹಿಡಿಯುವ ಒಂದು ಸೋಮಾರಿ ಮೀನು, ಶಂಖದ ಹುಳು, ಸಿಗಡಿ. ಇವುಗಳ ಮೇವು ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿ. ಮಾಂಸ ಸೋಕದ ಮನೆಯ ಫ್ರಿಜ್ಜಿನಲ್ಲಿ ಅದನ್ನು ಇಡುವ ಮಾತೇ ಇಲ್ಲ. ನಿಖತ್ ದಿನವೂ ತಿಪಟೂರಿನ ತನ್ನ ಮನೆಯ ಫ್ರಿಜ್ಜಿನಿಂದ ಕಾಫಿ ಫ್ಲಾಸ್ಕಿನಲ್ಲಿ ತುಂಬಿಕೊಂಡು ಬರುತ್ತಾಳೆ. ಅದರೊಳಗೆ ಏನಿದೆ ಅಂತ ಹೊಂಬಾಳಮ್ಮನಿಗೆ ಚೆನ್ನಾಗಿ ಗೊತ್ತು. ಏನು ಅಂತ ನೀನೂ ಹೇಳಬೇಡ, ನಾನೂ ಕೇಳಲ್ಲ ಅಂದಿದ್ದಾರೆ. ಆದರೆ ಮೇವು ಹಾಕುವ ಹೊತ್ತಿಗೆ ಸರಿಯಾಗಿ ಹಳೆಯ ಮನೆಯಿಂದ ಬಂದು, ಮಣೆ ಎಳೆದುಕೊಂಡು ತೊಟ್ಟಿಯ ಮುಂದೆ ಕೂರುತ್ತಾರೆ, ಸಿಗಡಿಯನ್ನು ಮೀಸೆ ಮಾವ ಅಂತ ಕರೆಯುತ್ತಾರೆ, ಹಸಿರು ಮೀನುಗಳಿಗೆ ನಿಮಗೆ ನಾಚಿಕೆ ಇಲ್ವಾ, ಅವನಿಗೂ ಬಿಡಿ ಅಂತ ಬೈಯುತ್ತಾರೆ.

ಹೀಗೆ ಎಲ್ಲ ನಡೆಯುತ್ತಿದ್ದ ಮನೆಯಲ್ಲಿ ಈಗ ಬಾಳೆಲೆ ತುಂಬಿದೆ.

ತೊಟ್ಟಿಯ ಮೂಲೆಯಲ್ಲಿ, ಮೋಟಾರಿನ ಪೈಪಿಗೆ ಒರಗಿದಂತೆ, ಜೋಕರ್ ಜೋಡಿಯಲ್ಲಿ ಒಂದು ಮಾತ್ರ ಇನ್ನೂ ಕಿವಿರು ಆಡಿಸುತ್ತಿದೆ. ನಿಖತ್ ಅದನ್ನು ಅಂಗೈಯಲ್ಲೇ ಬಾಚಿಕೊಳ್ಳುತ್ತಾಳೆ. ಮನೆಯಲ್ಲಿ ಕಲಸಿ ತಂದ ಒಂದು ಕ್ಯಾನ್ ಉಪ್ಪುನೀರು ಸ್ಕೂಟರಿನಲ್ಲಿದೆ. ಅದನ್ನು ಪ್ಲಾಸ್ಟಿಕ್ ಬಕೆಟಿಗೆ ಸುರಿದು, ಗಾಳಿಯ ಪೈಪು ಇಳಿಬಿಟ್ಟು, ನೀರಿನ ಕೆಟ್ಟದ್ದನ್ನು ಹೀರಲೆಂದು ತೆಂಗಿನ ಚಿಪ್ಪಿನ ಇದ್ದಿಲಿನ ಪುಟ್ಟ ಚೀಲವೊಂದನ್ನು ಹಾಕಿ, ಮೀನು ಬಿಡುತ್ತಾಳೆ. ಅದು ಅಡ್ಡಡ್ಡ ಮಲಗುತ್ತದೆ. ಹೊಂಬಾಳಮ್ಮ ಬಕೆಟ್ಟಿನ ಪಕ್ಕ ಕೂತುಬಿಡುತ್ತಾರೆ.

ಇನ್ನೊಂದು ಬಕೆಟ್ ತರಲು ಹಿತ್ತಿಲಿಗೆ ಹೋದ ನಿಖತ್ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾಳೆ. ಅಲ್ಲಿ ಹಂಡೆ ಇದೆ. ಹೊಂಬಾಳಮ್ಮ ಮದುವೆಯಾಗಿ ಬಂದಾಗಿನಿಂದ ಹಳೆಯ ಮನೆಯಲ್ಲಿದ್ದು, ಹೊಸ ಮನೆಗೆಂದು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ದೊಡ್ಡ ಹಂಡೆ. ಮೊನ್ನೆ ಅವಳು ತೊಟ್ಟಿಯ ಕಾಲು ಭಾಗ ನೀರು ಬದಲಾಯಿಸಬೇಕಿತ್ತು. ನೆಂಟರು ಬರುವ ಹೊತ್ತಿಗೆ ತೊಟ್ಟಿ ತಿಳಿಯಾಗಿರಲಿ ಅಂತ. ಉಪ್ಪು ಕದಡುವ ನೀಲಿ ಡ್ರಮ್ಮಿಗೆ ಅಡುಗೆಯವರು ಎಣ್ಣೆಪಾತ್ರೆ ತೊಳೆದ ನೀರು ಸುರಿದಿದ್ದರು. ಎಷ್ಟು ತೊಳೆದರೂ ಜಿಡ್ಡು ಹೋಗಲಿಲ್ಲ. ಆಗ ಹೊಂಬಾಳಮ್ಮ, ಈ ಮನೆಯಲ್ಲಿ ಇದಕ್ಕಿಂತ ಚೊಕ್ಕಟವಾದ ಪಾತ್ರೆ ಇಲ್ಲ ಅಂತ ಈ ಹಂಡೆ ತೋರಿಸಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಇಂಥದ್ದರಲ್ಲಿ ಕಲಸು ಅಂದರಲ್ಲ ಅಂತ ನಿಖತ್‌ಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಉಪ್ಪು ಕದಡಿ, ರಾತ್ರಿ ಕರಗಲು ಬಿಟ್ಟು, ನಿನ್ನೆ ಮಧ್ಯಾಹ್ನ ತೊಟ್ಟಿಗೆ ಸುರಿದಿದ್ದಳು. ನೀರು ತಿಳಿಯಾಗೇ ಇತ್ತು.

ಈಗ ಒಣಗಿದ ಹಂಡೆಯ ಒಳಮೈಯಲ್ಲಿ, ನೀರು ನಿಂತಿದ್ದ ಅಂಚಿಗೆ ಸುತ್ತಲೂ, ನೀಲಿ ಬೆರೆತ ಹಸಿರು ಗೆರೆಯೊಂದು ಕಟ್ಟಿದೆ.

ಅವಳು ಕೂಗಿಲ್ಲ. ಆದರೂ ಹೊಂಬಾಳಮ್ಮ ಎದ್ದು ಬಂದು ಬಗ್ಗಿ ನೋಡುತ್ತಾರೆ. ಬೆರಳಿನಿಂದ ಗೆರೆಯನ್ನು ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ.

"ಇದ್ಯಾಕವ್ವ, ಮೈಲುತುತ್ತದ ಬಣ್ಣ ಬಂದದೆ."

ತೋಟವಿರುವ ಯಾರಿಗೂ ಆ ಬಣ್ಣ ಹೊಸದಲ್ಲ. ಸುಳಿ ಕೊಳೆತ ತೆಂಗಿಗೆ ಸುಣ್ಣದ ಜೊತೆ ಬೆರೆಸಿ ಹಾಕುವ ಮೈಲುತುತ್ತ, ಕೊಳೆಯ ಬೇರನ್ನೇ ಕೊಲ್ಲುವ ವಿಷ. ಅದರ ಮೂಲ ತಾಮ್ರ. ಹುಣಸೆಯ ಹುಳಿಗೆ ಮೇಲುಪದರ ಬಿಟ್ಟುಕೊಟ್ಟಿದ್ದ ಹೊಸ ಹೊಳಪಿನ ತಾಮ್ರದ ಹಂಡೆಯಲ್ಲಿ ಉಪ್ಪುನೀರು ರಾತ್ರಿಯೆಲ್ಲ ನಿಂತು ಅದನ್ನು ಕರಗಿಸಿಕೊಂಡಿದೆ. ಕಡಲಿನ ಜೀವಗಳಿಗೆ, ಅದರಲ್ಲೂ ಸಿಗಡಿ, ಶಂಖದ ಹುಳುಗಳಿಗೆ, ಸಾಯಲು ಅದರ ಚೂರೇ ಸಾಕು.

ನಿಖತ್ ಹಂಡೆಯ ಪಕ್ಕ ನೆಲದ ಮೇಲೆ ಕೂರುತ್ತಾಳೆ. ಉಪ್ಪುನೀರಿನ ತೊಟ್ಟಿಗೆ ಕಾಪರ್ ಸೇರಬಾರದು ಎಂಬುದು ಅವಳು ನೋಡಿದ ಪ್ರತಿ ವಿಡಿಯೋದಲ್ಲೂ ಇತ್ತು. ಮೀನಿನ ಔಷಧಿ ಕೊಳ್ಳುವಾಗ ಶೀಶೆಯ ಮೇಲೆ ಆ ಪದ ಇದೆಯೇ ಅಂತ ಹುಡುಕಿ, ಇದ್ದರೆ ವಾಪಸ್ ಇಟ್ಟು ಬಂದವಳು ಅವಳು.

"ಕಾಪರ್ ಅಂತ ಗೊತ್ತಿತ್ತಮ್ಮಾ. ನಂಗೆ ಕಾಪರ್ ಅಂದ್ರೆ ಮೋಟ್ರು ವೈರು," ಅನ್ನುತ್ತಾಳೆ, ಯಾರನ್ನೂ ನೋಡದೆ. "ಇದು ಹಂಡೆ. ಹಂಡೆ ಅಂತ ಯಾರೂ ಹೇಳಿರ್ಲಿಲ್ಲ."

ಹೊಂಬಾಳಮ್ಮನಿಗೆ ನಂಬಿಕೆ ಬರಲು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಎದ್ದು ಅವರು ಕುಡಿಯುವುದೇ ತಾಮ್ರದ ಚೊಂಬಿನ ನೀರು. ಈ ಹಂಡೆಯ ನೀರಿನಲ್ಲಿ ಬಾಣಂತಿಯರಿಗೆ ಎರೆದಿದ್ದಾರೆ, ಕೂಸುಗಳಿಗೆ ಎರೆದಿದ್ದಾರೆ. ಮನುಷ್ಯರಿಗೆ ತಡೆಯುವುದು ಅವುಗಳಿಗೆ ತಡೆಯುವುದಿಲ್ಲ, ಉಪ್ಪಿಲ್ಲದ ನೀರೇ ಬೇರೆ, ಉಪ್ಪುನೀರೇ ಬೇರೆ ಅಂತ ನಿಖತ್ ತುಂಡುತುಂಡಾಗಿ ಹೇಳುತ್ತಾಳೆ. ಹೊಂಬಾಳಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ.

"ನಾನೇ ಕೈಯಾರ ಕೊಟ್ಟೆನಲ್ಲವ್ವ."

 ನಿಖತ್ ಎದ್ದು ಒಳಗೆ ಹೋಗಿ ಬಾಳೆಲೆಯನ್ನು ಮಡಿಸಿ ಎತ್ತಿಕೊಳ್ಳುತ್ತಾಳೆ. ಇಬ್ಬರೂ ತೋಟಕ್ಕೆ ನಡೆದು, ಒಂದು ಮರದ ಪಾತಿಯಲ್ಲಿ ಗುಂಡಿ ತೆಗೆದು ಮುಚ್ಚಿ ಬರುತ್ತಾರೆ.

ತಿಪಟೂರಿಗೆ ಶಾಮಿಯಾನದವರನ್ನು ಕಾಣಲು ಹೋಗಿದ್ದ ತೋಂಟದಾರ್ಯ ಬಂದು ನೋಡಿದಾಗ ತೊಟ್ಟಿಯಲ್ಲಿ ಕಲ್ಲು, ಮರಳು, ಬೆಳಕು ಮಾತ್ರ ಇವೆ. ಅವರು ಗಾಜಿಗೆ ಮುಖ ಹತ್ತಿರ ತಂದು, ಎಲ್ಲಾದರೂ ಅಡಗಿರಬಹುದು ಎಂಬಂತೆ ನೋಡುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅನ್ನಿಸುತ್ತದೆ ನಿಖತ್‌ಗೆ. ಆಮಂತ್ರಣ ಪತ್ರಿಕೆ ಹಂಚುವ ಹುರುಪಿನಲ್ಲಿ ಅವರು ಊರೂರಿಗೆ, ಸಮುದ್ರ ನೋಡಲು ಬನ್ನಿ ಅಂತ ಹೇಳಿ ಬಂದಿದ್ದಾರೆ. ಚಿಕ್ಕನಾಯಕನಹಳ್ಳಿಯ ಕಲ್ಯಾಣ ಮಂಟಪದವರು, ತಿಪಟೂರಿನ ಕಣ್ಣಿನ ಆಸ್ಪತ್ರೆಯವರು ನಾಡಿದ್ದು ಬಂದು ಇದನ್ನು ನೋಡಿ, ತಮಗೂ ಇಂಥದ್ದೇ ಬೇಕೇ ಅಂತ ತೀರ್ಮಾನಿಸುವವರಿದ್ದಾರೆ. ನಿಖತ್ ಬೇಕರಿಗಳ ತೊಟ್ಟಿ ತೊಳೆಯುವುದರಿಂದಾಚೆಗೆ ಕಾಲಿಡಲು ಇದ್ದ ಬಾಗಿಲು ಅದೊಂದೇ. ತೋಂಟದಾರ್ಯರಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯದು. "ಕಾಲಿಡೋಕೆ ಮುಂಚೇನೇ ಮನೆಯೊಳಗೆ ಸಾವು ಅಂತ ಆಡ್ಕತಾರೆ," ಅಂದು ಫೋನ್ ಹಿಡಿದು ಹೊರಗೆ ಹೋಗುತ್ತಾರೆ.

ಮುಂದೇನು ಅಂತ ನಿಖತ್‌ಗೆ ಸ್ಪಷ್ಟವಿದೆ. ನೀರು ಚೆಲ್ಲಿದರೆ ಸಾಲದು. ಕಲ್ಲು, ಮರಳು ತಾಮ್ರವನ್ನು ಕುಡಿದಿವೆ. ಹೊಸ ನೀರಿಗೂ ಅದನ್ನು ಬಿಡುತ್ತಲೇ ಇರುತ್ತವೆ. ಎಲ್ಲ ತೆಗೆದುಹಾಕಿ, ಗಾಜನ್ನು ತೊಳೆದು, ಹೊಸ ಕಲ್ಲು ತಂದು, ಮತ್ತೆ ಮೀನಿಲ್ಲದ ನೀರಿನ ಮುಂದೆ ವಾರಗಟ್ಟಲೆ ಕೂರಬೇಕು. "ಇನ್ನೊಂದು ಸಲ ಅಟ್ಟಕ್ಕೆ ಹಾಕಾನ. ಒಪ್ಪಿದ್ರೆ ನಾನು ದಿನಾ ಬರ್ತೀನಿ," ಅನ್ನುತ್ತಾಳೆ ಹೊಂಬಾಳಮ್ಮನಿಗೆ. ಬಕೆಟ್ಟಿನ ಜೋಕರ್ ಮಧ್ಯಾಹ್ನದ ಹೊತ್ತಿಗೆ ನೆಟ್ಟಗಾಗುತ್ತದೆ. ಈಜುತ್ತಿಲ್ಲ, ನಿಂತಿದೆ. ಹೊಂಬಾಳಮ್ಮ ಊಟಕ್ಕೂ ಏಳುವುದಿಲ್ಲ.

ಅಷ್ಟು ಹೊತ್ತಿಗೆ ಗೇಟಿನ ಮುಂದೆ, ತೋಂಟದಾರ್ಯ ಫೋನ್ ಮಾಡಿ ತರಿಸಿದ, ಬೆಂಗಳೂರಿನ ಮೀನಂಗಡಿಯ ವ್ಯಾನ್ ನಿಲ್ಲುತ್ತದೆ. ಡ್ರೈವರ್ ಥರ್ಮಾಕೋಲ್ ಪೆಟ್ಟಿಗೆಗಳನ್ನು ಜಗಲಿಗೆ ಇಳಿಸಿ ಮುಚ್ಚಳ ತೆಗೆಯುತ್ತಾನೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಜೋಕರ್ ಜೋಡಿ, ಹಸಿರು ಮೀನು, ಮೀಸೆಯ ಸಿಗಡಿ. ಸತ್ತವೇ ಎದ್ದು ಬಂದಂತಿವೆ. ಇನ್ನೊಂದು ಚೀಲದಲ್ಲಿ, ಬೇರೆ ಯಾವ ಬಣ್ಣವೂ ಬೆರೆಯದ ಅಚ್ಚ ಹಳದಿಯ, ತಟ್ಟೆಯಂತೆ ಚಪ್ಪಟೆಯಾದ ಮೀನು. ನಿಖತ್‌ಳ ಫೋನಿನ ಪರದೆಯ ಮೇಲೆ ವರ್ಷಗಳಿಂದ ಇರುವುದು ಅದರ ಚಿತ್ರ. ನಿಜದ್ದನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಕೆಲಹೊತ್ತು ಅವಳಿಗೆ ಬೇರೇನೂ ಕಾಣುವುದಿಲ್ಲ.

ಆಮೇಲೆ ಡ್ರೈವರನ್ನು ಒಂದೇ ಮಾತು ಕೇಳುತ್ತಾಳೆ, ಇವನ್ನು ಯಾವಾಗ ಕಟ್ಟಿದ್ದು ಅಂತ. ಹೊರಡುವ ಮುಂಚೆ ಕಟ್ಟಿದ್ದು, ನಾಳೆ ಬೆಳಗಿನ ತನಕ ಏನೂ ತೊಂದರೆ ಇಲ್ಲ ಅನ್ನುತ್ತಾನೆ ಅವನು.

"ನಿಂದೇನೂ ತಪ್ಪಿಲ್ಲ ಕಣಮ್ಮ," ಅನ್ನುತ್ತಾರೆ ತೋಂಟದಾರ್ಯ. "ಅವ್ವ ಕೊಟ್ಳು, ನೀನು ಕಲಸಿದೆ. ಮುಗೀತು. ನೀರು ಒಂದಷ್ಟು ಚೆಲ್ಲಿ ಇವನ್ನ ಬುಡು."

"ಸಾಯ್ತವೆ ಅಣ್ಣಾ."

"ಯಾವಾಗ?"

"ಸಿಗಡಿ ನಾಳೇನೇ. ಉಳಿದವು ನಾಡಿದ್ದೋ, ಆಚೆ ವಾರಾನೋ."

ತೋಂಟದಾರ್ಯ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. "ಹಂಗಾರೆ ಸಿಗಡಿ ಬ್ಯಾಡ. ಉಳಿದವು ನಾಡಿದ್ದು ಊಟ ಮುಗಿಯೋಗಂಟ ಇದ್ರೆ ಸಾಕು."

ದನಿ ಗಡುಸಾಗಿಲ್ಲ. ಎಲೆ ಎಷ್ಟು ಬೇಕು, ಕುರ್ಚಿ ಎಷ್ಟು ಬೇಕು ಅಂತ ಹೇಳಿದ ಹಾಗೆಯೇ ಹೇಳಿದ್ದಾರೆ. ನಿಖತ್ ತಪ್ಪಾಗಿ ಕೇಳಿಸಿತೇನೋ ಅಂತ ಅವರ ಮುಖ ನೋಡುತ್ತಾಳೆ. ಬಕೆಟ್ಟಿನ ಪಕ್ಕ ಕೂತಿದ್ದ ಹೊಂಬಾಳಮ್ಮ ತಲೆಯೆತ್ತಿ, ಗುರುತಿಲ್ಲದ ಯಾರೋ ಮನೆಯೊಳಗೆ ಬಂದಂತೆ ಮಗನನ್ನು ನೋಡುತ್ತಾರೆ. ಡ್ರೈವರ್ ಗೇಟಿನ ಕಡೆ ತಿರುಗಿಕೊಳ್ಳುತ್ತಾನೆ. ತಾನು ಅಂದದ್ದು ತಡವಾಗಿ ತಮ್ಮ ಕಿವಿಗೇ ಬಿದ್ದಂತೆ ತೋಂಟದಾರ್ಯ ಕೆಮ್ಮುತ್ತಾರೆ, ಬಗ್ಗಿ ಹಳದಿ ಮೀನಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿಯುತ್ತಾರೆ.

"ಹೋಗ್ಲಿ, ಇದೊಂದು. ನಿಂಗೆ ಇಷ್ಟ ಅಂತಾನೇ ತರ್ಸಿದ್ದು. ನಿನ್ನ ಕೈಯಾಗೆ ಬುಡು."

ಚೀಲದೊಳಗೆ ಮೀನು ತಿರುಗಿ ಅವಳ ಕಡೆಗೆ ಮುಖ ಮಾಡುತ್ತದೆ. ನಿಖತ್ ಕೈ ಚಾಚುವುದಿಲ್ಲ.

"ಬೇಡ. ನಾನು ಬಿಡಲ್ಲ, ನಿಮ್ಮನ್ನೂ ಬಿಡೋಕೆ ಬಿಡಲ್ಲ. ವ್ಯಾನ್ ಹೊರಡೋಕೆ ಮುಂಚೆ ವಾಪಸ್ ಪೆಟ್ಟಿಗೇಲಿ ಇಡಿ, ಬದುಕಿದ್ದಂಗೇ ಬೆಂಗಳೂರಿಗೆ ಹೋಗ್ಲಿ."